ಸಾಲಿಯೋ ಕೂಲಿಯೋ: ಮನೆಯೊಳಗಿನ ತೀರ್ಮಾನ



ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಜೀವಮಾನವಿಡೀ ಪಾಠ ಹೇಳಿದ ಶಿಕ್ಷಕರೊಬ್ಬರ ನೆನಪಿನ ದತ್ತಿ ಉಪನ್ಯಾಸ ಇದು. ಹಾಗಾಗಿ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಯಲ್ಲಿ ಇಲ್ಲದ ಮಕ್ಕಳ ಬಗ್ಗೆ ಮಾತಾಡೋಣ ಎಂದುಕೊಂಡೆ. ಮಗುವನ್ನು ಶಾಲೆಗೆ ಕಳಿಸಬೇಕೋ ದುಡಿಮೆಗೆ ಹಚ್ಚಬೇಕೋ ಎಂಬುದನ್ನು ಒಂದು ಮನೆ ಹೇಗೆ ತೀರ್ಮಾನಿಸುತ್ತದೆ? ನಮ್ಮಲ್ಲಿ ಇದಕ್ಕೆ ಎರಡು ಉತ್ತರ ಸಿದ್ಧವಾಗಿವೆ. ಒಂದು, ಬಡತನ. ಇನ್ನೊಂದು, ತಂದೆತಾಯಿಗೆ ತಿಳಿವಳಿಕೆ ಸಾಲದು. ಮೊದಲನೆಯದನ್ನು ಹೇಳುವವರು ಬಡತನ ಹೋಗುವವರೆಗೆ ಏನೂ ಮಾಡಲಾಗದು ಎಂದು ಕೈಚೆಲ್ಲುತ್ತಾರೆ. ಎರಡನೆಯದನ್ನು ಹೇಳುವವರು ಜಾಗೃತಿ ಜಾಥಾ ಹೊರಡಿಸುತ್ತಾರೆ. ಆ ಮನೆಯೊಳಗೆ ನಿಜವಾಗಿ ಏನು ನಡೆಯಿತು ಎಂಬುದು ಎರಡರಿಂದಲೂ ಗೊತ್ತಾಗುವುದಿಲ್ಲ.

ನಾನು ಕಂಡಂತೆ ಯಾವ ಅಪ್ಪ-ಅವ್ವನೂ ಒಂದು ದಿನ ಕೂತು ಮಾತಾಡಿ ಮಗುವಿನ ಓದನ್ನು ನಿಲ್ಲಿಸುವುದಿಲ್ಲ. ಹಂಗಾಮು ಬಂದಾಗ ಒಂದಿಷ್ಟು, ಸಾಲದ ಗಡುವು ಬಂದಾಗ ಒಂದಿಷ್ಟು, ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದಾಗ ಒಂದಿಷ್ಟು, ಐದನೇ ತರಗತಿ ಮುಗಿದಾಗ ಒಂದಿಷ್ಟು, ಹೀಗೆ ತುಂಡುತುಂಡಾಗಿ ಆ ತೀರ್ಮಾನ ಆಗುತ್ತದೆ. ಪ್ರತಿ ತುಂಡಿಗೂ ಅದರದೇ ಆದ ಕಾಲವಿದೆ. ಆ ಕಾಲಕ್ಕೆ ಮೊದಲೇ ನಾವು ಆ ಮನೆಯ ಬಾಗಿಲಲ್ಲಿ ಇರದಿದ್ದರೆ, ಆಮೇಲೆ ತರುವ ಕಾಯ್ದೆಯೂ ಹೇಳುವ ಬುದ್ಧಿಮಾತೂ ತಡವಾಗಿ ಬಂದಂತೆಯೇ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಹತ್ತಿಯಿಂದ ಶುರುಮಾಡುತ್ತೇನೆ. 1970ರಲ್ಲಿ ಗುಜರಾತಿನ ಸೂರತ್ತಿನಿಂದ ಎಚ್-4 ಎಂಬ ಹೈಬ್ರಿಡ್ ಹತ್ತಿ ಬಂತು. ಎರಡು ವರ್ಷಕ್ಕೆ ನಮ್ಮ ಧಾರವಾಡದಿಂದ ವರಲಕ್ಷ್ಮಿ ಬಂತು, 1981ರಲ್ಲಿ ಡಿಸಿಎಚ್-32. ಈ ಹೆಸರುಗಳ ಬಗ್ಗೆ ನಮಗೆ ಹೆಮ್ಮೆ ಇರಬೇಕಾದ್ದೇ. ಆದರೆ ಹೈಬ್ರಿಡ್ ಬೀಜವನ್ನು ಬೆಳೆದ ಬೆಳೆಯಿಂದ ಎತ್ತಿಟ್ಟುಕೊಳ್ಳಲು ಬರುವುದಿಲ್ಲ, ಪ್ರತಿ ವರ್ಷ ಹೊಸದಾಗಿ ಕೈಯಿಂದಲೇ ಮಾಡಬೇಕು. ಹಾವೇರಿ, ಕೊಪ್ಪಳ, ರಾಯಚೂರು ಕಡೆಯ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನ ಮಧ್ಯಾಹ್ನದ ಮೇಲೆ ಹುಡುಕಬೇಕು. ಉಗುರಿನಿಂದ ಎಸಳು ಸೀಳಿ, ಒಳಗಿನ ಪರಾಗದ ಭಾಗವನ್ನಷ್ಟೇ ಸುಲಿದು, ನಡುವಿನ ಎಳೆಯ ದಂಟಿಗೆ ಪೆಟ್ಟಾಗದಂತೆ ಬಿಡಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವು ಕಿತ್ತು ತಂದು ಆ ದಂಟಿನ ತುದಿಗೆ ಮೆತ್ತಗೆ ಸವರಬೇಕು. ಆಗಿದ್ದಕ್ಕೆ ಗುರುತು ಕಟ್ಟಬೇಕು. ಒಂದೊಂದು ಹೂವಿಗೂ ಎರಡು ಸಲ ಕೈ ಹೋಗಬೇಕು. ಗಿಡ ಹೂ ಬಿಡುತ್ತಿರುವಷ್ಟು ದಿನ ಒಂದು ದಿನವೂ ತಪ್ಪಿಸುವಂತಿಲ್ಲ, ಇವತ್ತಿನ ಹೂವು ನಾಳೆಗೆ ಇರುವುದಿಲ್ಲ.

ಹೂವಿನ ಈ ಹಂಗಾಮು ಆಗಸ್ಟ್‌ನಿಂದ ಅಕ್ಟೋಬರ್ ಆಸುಪಾಸಿನದು. ಶಾಲೆ ಶುರುವಾಗುವುದು ಜೂನ್ ಆಸುಪಾಸಿನಲ್ಲಿ. ಗಣಿತದಲ್ಲಿ ಭಾಗಾಕಾರ ದಾಟಿ ಭಿನ್ನರಾಶಿಗೆ ಹೋಗುವ ಹೊತ್ತಿಗೆ ಸರಿಯಾಗಿ ಹೊಲದಲ್ಲಿ ಹೂವು ಅರಳುತ್ತದೆ. ಬೀಜ ಕೊಳ್ಳುವ ಕಂಪನಿ ಕೊಡುವ ದರವನ್ನು ಮೊದಲೇ ನಿಗದಿ ಮಾಡಿರುತ್ತದೆ. ಬೆಳೆಯುವ ರೈತನಿಗೆ ದೊಡ್ಡ ಖರ್ಚೆಂದರೆ ಆಳಿನ ಕೂಲಿ. ದೊಡ್ಡವರಿಗಿಂತ ಮಕ್ಕಳಿಗೆ ಕೊಡುವುದು ಕಡಿಮೆ, ಹುಡುಗಿಯರು ಕೊಟ್ಟಷ್ಟಕ್ಕೆ ಸುಮ್ಮನೆ ಬರುತ್ತಾರೆ. ಮಕ್ಕಳ ಬೆರಳು ಚುರುಕು, ಗಿಡದ ಎತ್ತರಕ್ಕೆ ಅವರೇ ಸರಿ ಎಂಬ ಮಾತನ್ನು ಅಲ್ಲಿ ಯಾರ ಬಾಯಲ್ಲಾದರೂ ಕೇಳಬಹುದು. ಮಕ್ಕಳನ್ನು ದುಡಿಸುವ ಎಲ್ಲ ಕಸುಬಿನಲ್ಲೂ ಈ ಬೆರಳಿನ ಮಾತು ಇದೆ. ಅದೇ ಕೆಲಸವನ್ನು ದೊಡ್ಡ ಹೆಂಗಸರು ಪಕ್ಕದ ಸಾಲಿನಲ್ಲೇ ಮಾಡುತ್ತಿರುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಅವರಿಗೆ ಕೂಲಿ ಹೆಚ್ಚು ಕೊಡಬೇಕು, ವ್ಯತ್ಯಾಸ ಅಷ್ಟೇ.

ಕುಷ್ಟಗಿ ಕಡೆಯ ಒಂದು ಹೊಲದ ಬದುವಿನ ಮೇಲೆ ಒಬ್ಬ ತಾಯಿಯೊಂದಿಗೆ ಮಾತಾಡುತ್ತಿದ್ದೆ. ಆರನೇ ತರಗತಿಯ ಮಗಳು ಅವಳ ಮುಂದಿನ ಸಾಲಿನಲ್ಲಿ ಮೊಗ್ಗು ಸುಲಿಯುತ್ತಿದ್ದಳು. ಸಾಲಿ ಬಿಡಿಸಿದೆಯೇನವ್ವಾ ಎಂದಿದ್ದಕ್ಕೆ ಆ ತಾಯಿಗೆ ಬೇಸರವೇ ಆಯಿತು. "ಸಾಲಿ ಬ್ಯಾಡಂತ ಯಾರಂದಾರ್ರೀ ಅಕ್ಕಾರ? ಹೂವಿನ ಕೆಲ್ಸ ಮುಗೀಲಿ. ದೀಪಾವಳಿ ಆದಮ್ಯಾಲ ಹೋಗ್ತಾಳ."

ಅವಳು ಸುಳ್ಳು ಹೇಳಲಿಲ್ಲ. ದೀಪಾವಳಿ ಆದಮೇಲೆ ಈ ಹುಡುಗಿಯರು ಶಾಲೆಗೆ ಹೋಗುತ್ತಾರೆ. ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಮೇಷ್ಟ್ರು ಎಬ್ಬಿಸಿ ಕೇಳಿದ ಪ್ರಶ್ನೆಗೆ ಉತ್ತರ ಬರುವುದಿಲ್ಲ, ತಮಗಿಂತ ಚಿಕ್ಕವರು ಹೇಳುತ್ತಾರೆ. ಕೆಲವು ದಿನ ಹೀಗೆ ಕಳೆದು, ಒಂದು ಬೆಳಗ್ಗೆ ಹೊಟ್ಟೆನೋವು ಎನ್ನುತ್ತಾರೆ. ಹತ್ತಿ ಬಿಡಿಸುವ ಕೆಲಸವೂ ಅಷ್ಟರಲ್ಲಿ ಬಂದಿರುತ್ತದೆ. ಮುಂದಿನ ಜೂನ್‌ನಲ್ಲಿ, "ಆಕಿಗೇ ಮನಸಿಲ್ಲ" ಎಂದು ಅವ್ವ ಹೇಳುತ್ತಾಳೆ. ಅದೂ ಸುಳ್ಳಲ್ಲ. ಆ ಹುಡುಗಿಯ ಓದು ಯಾವತ್ತು ನಿಂತಿತು ಎಂದು ತಾರೀಖು ಹೇಳಿ ನೋಡೋಣ? ಆಗಸ್ಟ್‌ನಲ್ಲಿ ಹೊಲಕ್ಕೆ ಹೋದ ದಿನವೇ, ನವೆಂಬರ್‌ನಲ್ಲಿ ಉತ್ತರ ಬಾರದೆ ನಿಂತ ದಿನವೇ, ಜೂನ್‌ನಲ್ಲಿ ಹೋಗದೇ ಉಳಿದ ದಿನವೇ? ತಂದೆತಾಯಿ ತಾವು ಶಾಲೆ ಬಿಡಿಸಿದೆವು ಎಂದು ಯಾವತ್ತೂ ಅಂದುಕೊಂಡಿರುವುದಿಲ್ಲ. ಅದಕ್ಕೇ ಅವರೆದುರು ಮಾಡುವ ಜಾಗೃತಿ ಭಾಷಣ ಅವರಿಗೆ ತಟ್ಟುವುದಿಲ್ಲ, ಅದು ಬೇರೆ ಯಾರಿಗೋ ಹೇಳಿದ ಮಾತಿನಂತೆ ಕೇಳಿಸುತ್ತದೆ.

ಮಳೆ ಬಾರದೆ ಬೆಳೆ ಹೋದ ವರ್ಷ ಮಕ್ಕಳ ಓದು ಕೆಡುತ್ತದೆ ಎಂದು ನಾವು ತಿಳಿದಿದ್ದೇವೆ. ಕೃಷಿ ಸಂಶೋಧನೆಯ ಇಕ್ರಿಸ್ಯಾಟ್ ಸಂಸ್ಥೆ ವರ್ಷಗಟ್ಟಲೆ ಲೆಕ್ಕ ಬರೆದಿಟ್ಟ ದಖ್ಖನ್ನಿನ ಹಳ್ಳಿಗಳ ಮಾಹಿತಿಯಿಂದ ಹನನ್ ಜಾಕೋಬಿ ಮತ್ತು ಇಮ್ಯಾನುಯೆಲ್ ಸ್ಕೂಫಿಯಾಸ್ 1997ರಲ್ಲಿ ತೋರಿಸಿದ್ದೂ ಇದನ್ನೇ. ಆದಾಯ ಏರುಪೇರಾದಾಗ, ಸಾಲ ಹುಟ್ಟದ ಮನೆ ಮಗುವಿನ ಶಾಲೆಯ ದಿನಗಳನ್ನು ಕಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಆದರೆ ಇದರ ಇನ್ನೊಂದು ಮಗ್ಗುಲು ಅಷ್ಟು ಪ್ರಚಾರದಲ್ಲಿಲ್ಲ. ಮನೀಷಾ ಶಾ ಮತ್ತು ಬ್ರೈಸ್ ಸ್ಟೈನ್‌ಬರ್ಗ್ ಭಾರತದ ಹಳ್ಳಿಗಳ ಮಾಹಿತಿಯನ್ನೇ ಇಟ್ಟುಕೊಂಡು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಳ್ಳೆಯ ಮಳೆಯಾದ ವರ್ಷವೂ ಶಾಲಾ ವಯಸ್ಸಿನ ಮಕ್ಕಳ ಓದಿಗೆ ಪೆಟ್ಟು ಬೀಳುತ್ತದೆ. ಮಳೆ ಚೆನ್ನಾದರೆ ಹೊಲದ ತುಂಬ ಕೆಲಸ, ಕೂಲಿ ದರ ಏರುತ್ತದೆ, ತರಗತಿಯಲ್ಲಿ ಕೂತ ಒಂದೊಂದು ದಿನವೂ ದುಬಾರಿಯಾಗುತ್ತದೆ. ಅಂದಮೇಲೆ ಬಡತನ ಎಂಬ ಒಂದೇ ಪದದಿಂದ ಈ ತೀರ್ಮಾನವನ್ನು ವಿವರಿಸಲಾಗದು. ಬರಗಾಲದಲ್ಲಿ ಗುಳೆ, ಸುಗ್ಗಿಯಲ್ಲಿ ಕೂಲಿ. ಎರಡಕ್ಕೂ ಆಗುವವರು ಮಕ್ಕಳೇ.

ಗುಳೆಯ ಕಾಲವೂ ನಿಗದಿಯಾದದ್ದೇ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ವಿಜಯಪುರ ಕಡೆಯಿಂದ ಕಬ್ಬು ಕಡಿಯಲು, ದಸರೆ-ದೀಪಾವಳಿ ಮುಗಿಸಿ ಹೊರಟವರು ಬೇಸಿಗೆಯಲ್ಲಿ ಮರಳುತ್ತಾರೆ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟರೆ ಶಾಲೆ ಉಳಿಯುತ್ತದೆ. ಅಜ್ಜಿ ಇಲ್ಲದ ಮನೆಯಲ್ಲಿ, ಇದ್ದರೂ ಹಾಸಿಗೆ ಹಿಡಿದ ಮನೆಯಲ್ಲಿ, ಮಗುವೂ ಟ್ರ್ಯಾಕ್ಟರ್ ಹತ್ತುತ್ತದೆ. ಬೆಳೆದ ಹೆಣ್ಣುಮಗಳನ್ನು ಒಬ್ಬಳೇ ಬಿಟ್ಟು ಹೋಗಲು ಯಾರಿಗೂ ಧೈರ್ಯವಾಗುವುದಿಲ್ಲ. ಇದರಲ್ಲಿ ಅರಿವುಗೇಡಿತನ ಎಲ್ಲಿದೆ? ನಾನಾಗಿದ್ದರೂ ಕರೆದುಕೊಂಡೇ ಹೋಗುತ್ತಿದ್ದೆ.

ಇನ್ನು ಸಾಲದ ಮಾತು. ರಾಮನಗರ, ಮಾಗಡಿ ಕಡೆಯ ರೇಷ್ಮೆ ಕಸುಬಿನಲ್ಲಿ ಮುಂಗಡ ಪಡೆದ ಮನೆಗಳ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿ ಒಮ್ಮೆ, 2003ರಲ್ಲಿ ಇನ್ನೊಮ್ಮೆ ದಾಖಲಿಸಿತು. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಎತ್ತುವ ಬೆರಳುಗಳು, ನೂಲಿಗೆ ಹುರಿ ಹಾಕುವ ಯಂತ್ರಗಳ ನಡುವೆ ನಿಂತೇ ಕಳೆಯುವ ದಿನಗಳು. ಅಂಥ ಮನೆಯ ತೀರ್ಮಾನವನ್ನು ನಾವು ಸಂಬಳದ ಲೆಕ್ಕದಲ್ಲಿ ಅಳೆದರೆ ತಪ್ಪುತ್ತೇವೆ. ಮಗು ತರುವ ದಿನಗೂಲಿಗಾಗಿ ಅವರು ಕಳಿಸಿದ್ದಲ್ಲ. ಹೆರಿಗೆಗೋ ಆಪರೇಷನ್ನಿಗೋ ಅಕ್ಕನ ಮದುವೆಗೋ ಒಂದೇ ಗಂಟಿನಲ್ಲಿ ಸಿಕ್ಕಿದ ಹಣಕ್ಕೆ ಮಗುವಿನ ದುಡಿಮೆ ಒತ್ತೆ. ಬ್ಯಾಂಕು ಆ ಮನೆಗೆ ಕೊಡದ ಸಾಲವನ್ನು ಮಾಲೀಕ ಕೊಟ್ಟ, ಅವನು ಅಡವಾಗಿ ಕೇಳಿದ್ದು ಮಗನನ್ನು. ಮುಂಗಡಕ್ಕೆ ಮಕ್ಕಳ ದುಡಿಮೆ ಒತ್ತೆ ಇಡುವುದನ್ನು ನಿಷೇಧಿಸಿದ ಕಾಯ್ದೆ 1933ರಷ್ಟು ಹಿಂದೆಯೇ ಬಂದಿತ್ತು. 1976ರಲ್ಲಿ ಜೀತ ನಿರ್ಮೂಲನೆಯ ಕಾಯ್ದೆಯೂ ಬಂತು. ಬಾರದೇ ಉಳಿದದ್ದು ಆ ಮನೆಗೆ ತುರ್ತಿನಲ್ಲಿ ಸಿಗುವ ಇನ್ನೊಂದು ಸಾಲ.

ಮನೆಯ ಈ ಅಗತ್ಯವನ್ನು ಸ್ವಲ್ಪವಾದರೂ ಹಿಡಿದದ್ದು 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಿವಕಾಶಿಯ ಬಾಲಕಾರ್ಮಿಕರ ಪ್ರಕರಣದಲ್ಲಿ ಕೊಟ್ಟ ತೀರ್ಪು. ಅಪಾಯದ ಕೆಲಸಕ್ಕೆ ಮಗುವನ್ನು ಇಟ್ಟುಕೊಂಡ ಮಾಲೀಕ ಮಗುವೊಂದಕ್ಕೆ 20,000 ರೂಪಾಯಿ ಕಟ್ಟಬೇಕು, ಆ ಮನೆಯ ದೊಡ್ಡವರೊಬ್ಬರಿಗೆ ಸರ್ಕಾರ ಕೆಲಸ ಕೊಡಬೇಕು, ಆಗದಿದ್ದರೆ ತಾನೂ 5,000 ರೂಪಾಯಿ ಸೇರಿಸಬೇಕು, ಆ ನಿಧಿಯ ಬಡ್ಡಿ ಮನೆಗೆ ಹೋಗಬೇಕು, ಮಗು ಶಾಲೆಯಲ್ಲಿರಬೇಕು ಎಂದಿತು. ಮಗುವನ್ನು ಬಿಡಿಸಿದರೆ ಸಾಲದು, ಅದರ ಜಾಗವನ್ನು ದೊಡ್ಡವರೊಬ್ಬರ ದುಡಿಮೆ ತುಂಬಬೇಕು ಎಂಬ ಸರಿಯಾದ ಗ್ರಹಿಕೆ ಇದರಲ್ಲಿತ್ತು. ಆದರೆ ಲೆಕ್ಕ ಸಣ್ಣದಾಯಿತು. 25,000 ರೂಪಾಯಿಗೆ ಶೇಕಡಾ 10ರ ಬಡ್ಡಿ ಹಿಡಿದರೂ ತಿಂಗಳಿಗೆ 200 ರೂಪಾಯಿ ಆಸುಪಾಸು. ಒಂದು ಹೆರಿಗೆಯ ಸಾಲದ ಮುಂದೆ ಅದು ಏನೂ ಅಲ್ಲ.

ಅರ್ಥಶಾಸ್ತ್ರಜ್ಞ ಕೌಶಿಕ್ ಬಸು, ಫಾಮ್ ಹೊಆಂಗ್ ವಾನ್ ಅವರ ಜತೆ 1998ರಲ್ಲಿ ಬರೆದ ಪ್ರಬಂಧವನ್ನು ಇಲ್ಲಿ ನೆನೆಯಲೇಬೇಕು. ದೊಡ್ಡವರ ದುಡಿಮೆಯಿಂದ ಮನೆ ನಡೆಯುವಂತಿದ್ದರೆ ತಂದೆತಾಯಿ ಮಕ್ಕಳನ್ನು ಕೆಲಸಕ್ಕೆ ಕಳಿಸುವುದಿಲ್ಲ ಎಂಬುದು ಅವರ ಮೊದಲ ಗೃಹೀತ. ಬಡವರೂ ಮಕ್ಕಳನ್ನು ನಮ್ಮಷ್ಟೇ ಪ್ರೀತಿಸುತ್ತಾರೆ ಎಂಬುದನ್ನು ಒಂದು ಸೂತ್ರವಾಗಿ ಬರೆದದ್ದು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ. ಮಕ್ಕಳು ಅಗ್ಗಕ್ಕೆ ಸಿಗುವುದರಿಂದ ದೊಡ್ಡವರ ಕೂಲಿ ಇಳಿಯುತ್ತದೆ, ಅದು ಇಳಿದದ್ದರಿಂದ ಮಕ್ಕಳನ್ನು ಕಳಿಸಬೇಕಾಗುತ್ತದೆ. ಊರಿನ ಎಲ್ಲ ಮಕ್ಕಳೂ ಒಟ್ಟಿಗೆ ಶಾಲೆಗೆ ಹೋದರೆ ದೊಡ್ಡವರ ಕೂಲಿ ಏರಿ ಮನೆ ನಿಭಾಯಿಸಬಹುದು. ಒಂದೇ ಮನೆ ಹಾಗೆ ಮಾಡಿದರೆ ಆ ಮನೆ ಮುಳುಗುತ್ತದೆ. ಕುಷ್ಟಗಿಯ ಆ ತಾಯಿ ಒಬ್ಬಳೇ ಮಗಳನ್ನು ಶಾಲೆಗೆ ಕಳಿಸಿದರೆ ಮರುದಿನ ಅವಳ ಸಾಲಿಗೆ ಪಕ್ಕದ ಮನೆಯ ಹುಡುಗಿ ಬರುತ್ತಾಳೆ. ಕಾಯ್ದೆಯೂ ಅರೆಬರೆ ನಡೆದರೆ ಇದೇ ಕಥೆ. 1986ರ ಬಾಲಕಾರ್ಮಿಕ ಕಾಯ್ದೆಯ ಫಲವನ್ನು ಅಧ್ಯಯನ ಮಾಡಿದ ಪ್ರಶಾಂತ್ ಭಾರದ್ವಾಜ್ ಮತ್ತು ಸಂಗಡಿಗರು, ನಿಷೇಧದ ನಂತರ ಮಕ್ಕಳ ಕೂಲಿ ಇಳಿದು, ತೀರಾ ಬಡ ಮನೆಗಳ ಮಕ್ಕಳು ಇನ್ನೂ ಹೆಚ್ಚು ದುಡಿಯಬೇಕಾಯಿತು ಎಂದು ಕಂಡುಕೊಂಡರು. ಕಾಯ್ದೆ ಬೇಡ ಎಂದು ಇದರ ಅರ್ಥವಲ್ಲ. ಊರಿಗೆ ಊರೇ ಒಟ್ಟಿಗೆ ಹೊರಳದೆ ಒಂದು ಮನೆ ಹೊರಳಲಾರದು.

ಶಾಂತಾ ಸಿನ್ಹಾ ಅವರು ಎಂ. ವೆಂಕಟರಂಗಯ್ಯ ಫೌಂಡೇಶನ್ ಮೂಲಕ 1990ರ ದಶಕದಲ್ಲಿ ಆಗಿನ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ಹಿಡಿದ ದಾರಿ ಇದೇ. ರಾತ್ರಿ ಶಾಲೆ, ಅನೌಪಚಾರಿಕ ಕೇಂದ್ರ ಇವೆಲ್ಲ ಬೇಡ, ಎಲ್ಲ ಮಕ್ಕಳೂ ಹಗಲಿನ ಪೂರ್ಣ ಶಾಲೆಯಲ್ಲಿರಬೇಕು, ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ ಎಂದರು. ಇಡೀ ಊರನ್ನು ಒಪ್ಪಿಸಿದರು, ಹಿಂದುಳಿದ ಮಕ್ಕಳಿಗೆ ವಸತಿ ಶಿಬಿರ ನಡೆಸಿ ಸರಿಯಾದ ತರಗತಿಗೆ ಸೇರಿಸಿದರು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಾಲೆ ಬಿಟ್ಟ ಮಕ್ಕಳಿಗಾಗಿ ನಮ್ಮ ರಾಜ್ಯ ನಡೆಸಿದ ಚಿಣ್ಣರ ಅಂಗಳವೂ ಇದೇ ಬಗೆಯ ಪ್ರಯತ್ನ. ನವೆಂಬರ್‌ನಲ್ಲಿ ಉತ್ತರ ಬಾರದೆ ನಿಂತ ಹುಡುಗಿಗೆ ಬೇಕಾದದ್ದು ಅದೇ: ತಪ್ಪಿಹೋದ ಭಿನ್ನರಾಶಿಯನ್ನು ನಾಚಿಕೆಯಾಗದಂತೆ ಕಲಿಸಿ ತರಗತಿಗೆ ಕೂಡಿಸುವ ಒಬ್ಬ ಮೇಷ್ಟ್ರು.

ಶಾಲೆಯ ಹೊಣೆಯನ್ನೂ ಹೇಳಬೇಕು. 1996ರಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ 1999ರಲ್ಲಿ ಪ್ರಕಟವಾದ ಪ್ರೋಬ್ ವರದಿ, ಓದಿಸಬೇಕೆಂಬ ಆಸೆ ಬಹುತೇಕ ಎಲ್ಲ ತಂದೆತಾಯಿಯರಿಗೂ ಇದೆ, ಅದನ್ನು ಕೆಡಿಸುವುದು ಶಾಲೆಯ ದುಃಸ್ಥಿತಿ ಎಂದು ಸ್ಪಷ್ಟವಾಗಿ ಹೇಳಿತು. ಅನೇಕ ಮಕ್ಕಳು ಕೆಲಸ ಇದೆಯೆಂದು ಶಾಲೆ ಬಿಟ್ಟವರಲ್ಲ, ಶಾಲೆ ಬಿಟ್ಟಮೇಲೆ ಕೆಲಸಕ್ಕೆ ಬಿದ್ದವರು. ನಮ್ಮ ಹಳ್ಳಿಗಳಲ್ಲಿ ಐದನೇ ತರಗತಿಗೆ ನಿಲ್ಲುವ ಕಿರಿಯ ಪ್ರಾಥಮಿಕ ಶಾಲೆ ಎಷ್ಟಿವೆ ನೋಡಿ. ಆರಕ್ಕೆ ಪಕ್ಕದ ಊರು, ಎಂಟಕ್ಕೆ ಇನ್ನೊಂದು ಊರು. ಬಸ್ಸಿಲ್ಲದ ದಾರಿಯಲ್ಲಿ ಹನ್ನೊಂದು ವರ್ಷದ ಹುಡುಗಿ. ಆ ಓಣಿಯಲ್ಲೇ ಡಿಗ್ರಿ ಮುಗಿಸಿ ಅದೇ ಕಟ್ಟಡ ಕೆಲಸಕ್ಕೆ ಹೋಗುವ ಅಣ್ಣನೊಬ್ಬ ಇರುತ್ತಾನೆ. ಓದಿನಿಂದ ಏನು ಸಿಗುತ್ತದೆ ಎಂಬುದನ್ನು ಮನೆಯವರು ಅವನನ್ನು ನೋಡಿ ಅಳೆಯುತ್ತಾರೆ, ಸರ್ಕಾರಿ ಪೋಸ್ಟರ್ ನೋಡಿ ಅಲ್ಲ. ಶಾಲೆಯಲ್ಲಿ ಊಟ ಕೊಡಬೇಕೆಂಬ 2001ರ ನವೆಂಬರ್‌ನ ಸುಪ್ರೀಂ ಕೋರ್ಟ್ ಆದೇಶ, ಅದರ ಬೆನ್ನಿಗೆ ನಮ್ಮ ಅಕ್ಷರ ದಾಸೋಹದ ಬಿಸಿಯೂಟ, ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಬಂದ ಕ್ಷೀರಭಾಗ್ಯ, ಇವೆಲ್ಲ ತಕ್ಕಡಿಯನ್ನು ಶಾಲೆಯ ಕಡೆಗೆ ತೂಗಿಸಿವೆ, ನಿಜ. ಒಂದು ಎಚ್ಚರಿಕೆ ಮಾತ್ರ: ಬಾಂಗ್ಲಾದೇಶದಲ್ಲಿ ಓದುವ ಮಕ್ಕಳ ಮನೆಗೆ ಧಾನ್ಯ ಕೊಡುತ್ತಿದ್ದ ಯೋಜನೆಯನ್ನು ಪರಿಶೀಲಿಸಿದ ಮಾರ್ಟಿನ್ ರವಾಲಿಯನ್ ಮತ್ತು ಕ್ವೆಂಟಿನ್ ವೊಡನ್, ಹಾಜರಿ ಏರಿದಷ್ಟು ದುಡಿಮೆ ಇಳಿಯಲಿಲ್ಲ ಎಂದು 2000ದಲ್ಲಿ ಬರೆದರು. ಮಗು ಎರಡನ್ನೂ ಮಾಡುತ್ತಿತ್ತು. ಕಳೆದುಹೋದದ್ದು ಅದರ ಆಟದ, ಬಿಡುವಿನ ಹೊತ್ತು.

ಎರಡನ್ನೂ ಮಾಡುವ ಮಗುವಿಗೆ ನಮ್ಮ ಕಾಯ್ದೆಯೇ ಒಪ್ಪಿಗೆ ಕೊಟ್ಟಿದೆ. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿತು, ಆದರೆ ಶಾಲೆ ಬಿಟ್ಟಮೇಲೆ, ರಜೆಯಲ್ಲಿ, ಅಪಾಯಕಾರಿಯಲ್ಲದ ಮನೆಯ ಕಸುಬಿಗೆ ನೆರವಾಗಬಹುದು ಎಂದು ಬಾಗಿಲು ತೆರೆದಿಟ್ಟಿತು. ಇದನ್ನು ನಾನು ಒಪ್ಪಲಾರೆ. ಬೀಜದ ಕಂಪನಿಯ ಗುತ್ತಿಗೆ ಸಣ್ಣ ರೈತನ ಹೊಲಕ್ಕೆ ಬಂದಾಗ ಆ ಹೊಲವೇ ಮನೆಯ ಕಸುಬು. ಬೀಡಿ ಎಲೆ ಮನೆಗೆ ಬಂದಾಗ ಪಡಸಾಲೆಯೇ ಕಾರ್ಖಾನೆ. ಕಬ್ಬಿನ ಗದ್ದೆಯಲ್ಲಿ ದಂಪತಿಯ ಹಿಂದೆ ಸೋಗೆ ಕಟ್ಟುವ ಮಗು ಯಾರ ಪಟ್ಟಿಯಲ್ಲೂ ಇರುವುದಿಲ್ಲ. 2011ರ ಜನಗಣತಿ 5ರಿಂದ 14 ವರ್ಷದ ದುಡಿಯುವ ಮಕ್ಕಳು ದೇಶದಲ್ಲಿ 1.01 ಕೋಟಿ ಎಂದಿತು, ಹತ್ತು ವರ್ಷ ಹಿಂದೆ ಅದು 1.26 ಕೋಟಿ ಇತ್ತು. ಇಳಿದದ್ದು ಸಂತೋಷವೇ. ಆದರೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನೀರು ತಂದು ರೊಟ್ಟಿ ಬಡಿಯುವ ಹುಡುಗಿ ಆ ಅಂಕಿಯಲ್ಲಿ ಇಲ್ಲ, ಜನಗಣತಿಯ ಲೆಕ್ಕದಲ್ಲಿ ಅದು ದುಡಿಮೆಯೇ ಅಲ್ಲ.

ಯಾವ ಮಗು ಓದಬೇಕು ಎಂಬುದೂ ಮನೆಯೊಳಗೆ ಆಗುವ ತೀರ್ಮಾನವೇ, ಬಹುಶಃ ಅದೇ ಎಲ್ಲಕ್ಕಿಂತ ಕಠಿಣವಾದದ್ದು. ಅವ್ವ ಕೂಲಿಗೆ ಹೋಗಬೇಕಾದರೆ ಕೂಸನ್ನು ಯಾರಾದರೂ ನೋಡಿಕೊಳ್ಳಬೇಕು. ಹಿರಿಯ ಮಗಳು ಉಳಿಯುತ್ತಾಳೆ. ತಮ್ಮ ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತುತ್ತಾನೆ, ಅಕ್ಕ ಅವನ ಡಬ್ಬಿ ಕಟ್ಟುತ್ತಾಳೆ. ಅವಳನ್ನು ಬಾಲಕಾರ್ಮಿಕಳೆಂದು ಯಾವ ಇನ್‌ಸ್ಪೆಕ್ಟರೂ ಬಂದು ಬಿಡಿಸುವುದಿಲ್ಲ.

ನಾವು, ಅಂದರೆ ಈ ಸಭಾಂಗಣದಲ್ಲಿ ಕೂತಿರುವ ಓದಿದವರು, ಈ ತೀರ್ಮಾನದ ಹೊರಗಿದ್ದೇವೆಯೇ? ಗೋಪಾಲಕೃಷ್ಣ ಗೋಖಲೆ 1911ರಲ್ಲಿ ತಂದ ಕಡ್ಡಾಯ ಶಿಕ್ಷಣದ ಮಸೂದೆಯನ್ನು ಮರುವರ್ಷ 13ರ ವಿರುದ್ಧ 38 ಮತಗಳಿಂದ ಸೋಲಿಸಿದವರು ಬಡ ತಂದೆತಾಯಿ ಅಲ್ಲ. ನಮ್ಮ ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ತಂದದ್ದು ಹೆಮ್ಮೆಯ ಮಾತು. ಆದರೂ ದೇಶದಲ್ಲಿ ಶಿಕ್ಷಣ ಹಕ್ಕಾಗಿ ಜಾರಿಗೆ ಬರಲು 2010ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು. ರಾಜ್ಯಶಾಸ್ತ್ರಜ್ಞ ಮೈರನ್ ವೀನರ್ 1991ರ ತಮ್ಮ ಪುಸ್ತಕದಲ್ಲಿ ಭಾರತದ ಅಧಿಕಾರಿಗಳ, ಮಧ್ಯಮ ವರ್ಗದವರ ಮನಸ್ಸಿನೊಳಗೇ ಬಡವರ ಮಕ್ಕಳು ದುಡಿದರೆ ತಪ್ಪೇನು ಎಂಬ ನಂಬಿಕೆ ಕೂತಿದೆ ಎಂದು ವಾದಿಸಿದ್ದರು. ಮನೆಗೆಲಸಕ್ಕೆ, ಹೋಟೆಲಿಗೆ 14ರೊಳಗಿನವರನ್ನು ಇಟ್ಟುಕೊಳ್ಳಬಾರದು ಎಂಬ ನಿಷೇಧ ಜಾರಿಯಾದದ್ದೇ 2006ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದ ಹುಡುಗಿಯರು ಕಾಯ್ದೆಯ ಕಣ್ಣಿಗೇ ಬಿದ್ದಿರಲಿಲ್ಲ.

ಏನು ಮಾಡಬೇಕು ಎಂದು ಕೇಳಿದರೆ ನಾನು ಮೊದಲು ಕ್ಯಾಲೆಂಡರ್ ತೆಗೆಯಿರಿ ಎನ್ನುತ್ತೇನೆ. ಬೀಜದ ಹೊಲಗಳಿರುವ ಊರಿನ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಜುಲೈನಲ್ಲೇ ಸಭೆ ಸೇರಿ, ಯಾವ ಹೊಲದಲ್ಲಿ ಈ ಸಲ ಕ್ರಾಸಿಂಗ್ ಇದೆ, ಯಾವ ಮನೆ ಮುಂಗಡ ಪಡೆದಿದೆ ಎಂದು ತಿಳಿದುಕೊಳ್ಳಬೇಕು. ಊರಲ್ಲಿ ಇದು ಗುಟ್ಟೇನಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ. ಹೊಲದ ಯಜಮಾನರನ್ನೂ ಆ ಸಭೆಗೆ ಕರೆಯಬೇಕು. ಗುಳೆ ಹೋಗುವವರ ಮಕ್ಕಳ ವಸತಿ ನಿಲಯ ಡಿಸೆಂಬರ್‌ನಲ್ಲಿ ಮಂಜೂರಾದರೆ ಪ್ರಯೋಜನವಿಲ್ಲ, ದಸರೆಗೆ ಮೊದಲು ಅದರ ಒಲೆ ಹೊತ್ತಿರಬೇಕು, ವಾರ್ಡನ್ ಯಾರೆಂದು ತಾಯಂದಿರು ನೋಡಿರಬೇಕು. ಸ್ವಸಹಾಯ ಸಂಘಗಳು ಹೆರಿಗೆಗೆ, ಕಾಯಿಲೆಗೆ ತಡಮಾಡದೆ ಸಾಲ ಕೊಡುವಂತಾದರೆ ಮಾಲೀಕನ ಮುಂಗಡದ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆ ಇರುವುದು ಶಿಕ್ಷಣ ಇಲಾಖೆಗೆ ಸೇರಿರದ ಒಂದು ಯೋಜನೆಯಲ್ಲಿ. ಉದ್ಯೋಗ ಖಾತರಿಗೆ ಬರುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಅದನ್ನು ಕೂಸಿಗಾಗಿ ಎಂದು ಎಲ್ಲರೂ ನೋಡುತ್ತಾರೆ. ನಾನು ಅದನ್ನು ಕೂಸಿನ ಅಕ್ಕನಿಗಾಗಿ ನೋಡುತ್ತೇನೆ. ಕೂಸನ್ನು ಇಟ್ಟುಕೊಳ್ಳಲು ಬೇರೊಂದು ಜಾಗವಿದ್ದರೆ ಅಕ್ಕನ ಕಂಕುಳು ಖಾಲಿಯಾಗುತ್ತದೆ. ಆದರೆ ಅದು ಉದ್ಯೋಗ ಖಾತರಿಯ ಕೆಲಸದವರಿಗಷ್ಟೇ ಸೀಮಿತವಾಗಬಾರದು. ಖಾಸಗಿ ಹೊಲಕ್ಕೆ ಕೂಲಿಗೆ ಹೋಗುವ ತಾಯಿಯ ಕೂಸೂ ಅಲ್ಲಿಗೆ ಬರಬೇಕು. ಬಾಗಿಲು ತೆರೆಯುವ ಹೊತ್ತನ್ನು ಜಿಲ್ಲಾ ಕಚೇರಿ ನಿಗದಿ ಮಾಡುವುದು ಬೇಡ. ಹೂವಿನ ಹಂಗಾಮಿನಲ್ಲಿ ಆ ಊರಿನ ಹೆಂಗಸರು ಹೊಲಕ್ಕೆ ಹೊರಡುವುದು ಎಷ್ಟು ಗಂಟೆಗೆ ಎಂದು ಪಂಚಾಯಿತಿಯವರು ಅವರನ್ನೇ ಕೇಳಲಿ, ಅದಕ್ಕಿಂತ ಅರ್ಧ ಗಂಟೆ ಮುಂಚೆ ಬೀಗ ತೆಗೆಯಲಿ.